ಬೇವಿನ ಬುಡದ ಮಣ್ಣು: ಹಾಯಿದೋಣಿಗೆ ಹೋದ ಒಂದು ಕಲಬುರಗಿ ನಾಯಿಯ ಪ್ರಕರಣ

ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಸೋಲಾರ್, ಬ್ಯಾಟರಿ ಅಂಗಡಿ ಇದೆ. ಹೊಲದ ಮನೆ, ಕೋಳಿ ಫಾರ್ಮ್, ಬೋರ್‌ವೆಲ್ ಪಂಪು, ಇಂಥವೇ ನನ್ನ ಕೆಲಸ. ಸಮುದ್ರಕ್ಕೂ ನನಗೂ ಏನೂ ಸಂಬಂಧ ಇರಲಿಲ್ಲ. ಒಂದು ದಿನ ಒಬ್ಬರು ಬಂದು, "ತಮ್ಮಾ, 28 ಫೂಟಿನ ಹಾಯಿದೋಣಿಗೆ ಕರೆಂಟಿನ ಲೆಕ್ಕ ಹಾಕಿ ಕೊಡು, ನಾನೂ ನನ್ನ ನಾಯಿ ಅದರಾಗ ಇರ್ತೀವಿ" ಅಂದರು. ನಾನು ಚಹಾ ತರಿಸಿದೆ. ತಮಾಷೆ ಅಂದುಕೊಂಡಿದ್ದೆ.

ಈಗೀಗ ಕರೆಂಟ್ ಲೈನು, ನಲ್ಲಿ ನೀರು ಎರಡೂ ಇಲ್ಲದೆ ಬದುಕಬೇಕು ಅಂತ ಕೇಳಿಕೊಂಡು ಬರುವವರು ಜಾಸ್ತಿ ಆಗಿದ್ದಾರೆ. ಒಬ್ಬರಿಗೆ ಹಳೇ ಟೆಂಪೋ, ಇನ್ನೊಬ್ಬರಿಗೆ ಹೊಲದ ಶೆಡ್ಡು. ಅರ್ಧ ಜನರ ಹಿಂದೆ ಒಂದು ನಾಯಿ ಇದ್ದೇ ಇರುತ್ತದೆ. ಅವರಿಗೆಲ್ಲ ನಾನು ಈ ಒಂದೇ ಪ್ರಕರಣ ಹೇಳುತ್ತೇನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಆ ಹಾಯಿದೋಣಿಯವರ ಒಪ್ಪಿಗೆ ಇದೆ. ಊರು, ವಯಸ್ಸು, ದೋಣಿ ನಿಂತ ನದಿಯ ಹೆಸರು ಎಲ್ಲ ಮುಚ್ಚಿದ್ದೇನೆ. ಅವರನ್ನು ಕಾಕಾ ಅಂತಲೇ ಕರೆಯುತ್ತೇನೆ, ನಾನು ಕರೆಯುವುದೂ ಹಾಗೇ. ನಾಯಿಯನ್ನು ರಾಜಾ ಅನ್ನೋಣ. ಅದರ ನಿಜವಾದ ಹೆಸರು ಇನ್ನೂ ಚೆನ್ನಾಗಿದೆ, ಆದರೆ ಆ ಹೆಸರು ಹೇಳಿದರೆ ಊರಿಗೆ ಊರೇ ಗುರುತು ಹಿಡಿಯುತ್ತದೆ.

ಹಿನ್ನೆಲೆ

ಕಾಕಾ ಭೀಮಾ ದಂಡೆಯ ಒಂದು ಹಳ್ಳಿಯವರು. ಇಪ್ಪತ್ತು ವರ್ಷ ಸರಕು ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದು ವಾಪಸ್ ಬಂದು ತೊಗರಿ ಹೊಲ ನೋಡಿಕೊಂಡಿದ್ದರು. ಹೆಂಡತಿ ತೀರಿಕೊಂಡಿದ್ದಾರೆ. ಮಗಳು ಬೇರೆ ಊರಲ್ಲಿ ಕೆಲಸದಲ್ಲಿದ್ದಾಳೆ. ಮನೆಯಲ್ಲಿ ಇವರು ಮತ್ತು ರಾಜಾ, ಅಷ್ಟೇ.

ರಾಜಾ ಸಿಕ್ಕಿದ್ದು 2020ರ ಅಕ್ಟೋಬರ್ ಪ್ರವಾಹದಲ್ಲಿ. ಆಗ ಮಳೆ ಒಂದು ಕಡೆ, ಮೇಲೆ ಮಹಾರಾಷ್ಟ್ರದ ಉಜನಿ ಅಣೆಕಟ್ಟಿನಿಂದ ಬಿಟ್ಟ ನೀರು ಇನ್ನೊಂದು ಕಡೆ, ಭೀಮಾ ದಂಡೆಯ ಹಳ್ಳಿಗಳೆಲ್ಲ ನೀರಲ್ಲಿ ನಿಂತಿದ್ದವು. ಜನರನ್ನು ಸಾಗಿಸುತ್ತಿದ್ದ ರಬ್ಬರ್ ದೋಣಿಯಲ್ಲಿ ಯಾರೋ ಒಂದು ಮರಿಯನ್ನು ಎತ್ತಿ ಹಾಕಿದ್ದರು. ದೋಣಿ ದಡ ಸೇರಿದ ಮೇಲೆ ಅದನ್ನು ಕೇಳುವವರು ಇರಲಿಲ್ಲ, ಕಾಕಾ ಮನೆಗೆ ತಂದರು. ಮುಧೋಳದ ಬೇಟೆನಾಯಿಯ ರಕ್ತ ಸ್ವಲ್ಪ ಇದೆ: ಉದ್ದ ಕಾಲು, ತೆಳ್ಳಗಿನ ಸೊಂಟ, ಕೂದಲು ಇದೆಯೋ ಇಲ್ಲವೋ ಅನ್ನುವಂಥ ಚರ್ಮ. ಉಳಿದದ್ದು ನಮ್ಮ ಬೀದಿ ನಾಯಿ. ಬೆಳೆದ ಮೇಲೆ 21 ಕೆಜಿ ತೂಗಿತು.

"ಅದರ ಮೊದಲ ಸವಾರಿನೇ ದೋಣಿಯಾಗ ಆಗ್ಯದ. ನೀರು ಅದಕ್ಕ ಹೊಸದಲ್ಲ" ಅಂತ ಕಾಕಾ ಎಲ್ಲರಿಗೂ ಹೇಳುತ್ತಿದ್ದರು. ಮೊದಲ ತಪ್ಪು ಇದೇ. ಹಸುಗೂಸನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ, ಇದಕ್ಕೆ ಡ್ರೈವಿಂಗ್ ಬರುತ್ತದೆ ಅಂದ ಹಾಗೆ.

ಕಾಕಾಗೆ ಮೊದಲು ಇದ್ದ ಕನಸು ಲಕ್ಷದ್ವೀಪ. ಅಲ್ಲಿಗೆ ಹೋಗಲು ಪರ್ಮಿಟ್ ಬೇಕು, ಅದು ಅವರಿಗೆ ಗೊತ್ತಿತ್ತು. ಗೊತ್ತಿಲ್ಲದ್ದು ಬೇರೆ. ಲಕ್ಷದ್ವೀಪದಲ್ಲಿ ನಾಯಿಗಳೇ ಇಲ್ಲ, ಹೊರಗಿನಿಂದ ತರುವ ಹಾಗೂ ಇಲ್ಲ. ಅಲ್ಲಿ ರೇಬೀಸ್ ಇಲ್ಲದಿರುವುದಕ್ಕೆ ಅದೇ ಕಾರಣ. ಮುಂದಿನ ಮಾಲ್ಡೀವ್ಸ್‌ಗೂ ನಾಯಿ ಒಯ್ಯುವಂತಿಲ್ಲ. ದೋಣಿ ಕೊಳ್ಳುವ ಮೊದಲೇ ಇದು ತಿಳಿದದ್ದು ಒಳ್ಳೆಯದೇ ಆಯಿತು. ನಾಯಿ ಬಿಟ್ಟು ಹೋಗುವ ಮಾತೇ ಇರಲಿಲ್ಲ. ಪ್ಲ್ಯಾನ್ ಸಣ್ಣದಾಯಿತು: ಪಶ್ಚಿಮ ಕರಾವಳಿಯ ಯಾವುದಾದರೂ ನದಿಯ ಅಳಿವೆಯಲ್ಲಿ ಲಂಗರು ಹಾಕಿ ಇರುವುದು, ಹವಾ ನೋಡಿಕೊಂಡು ಅಕ್ಕಪಕ್ಕದ ಅಳಿವೆಗೆ ಹೋಗಿ ಬರುವುದು.

ಹೊಲದಲ್ಲಿ ಹಡಗು

ಕಾಕಾ ಒಂದು ಬುದ್ಧಿವಂತ ಕೆಲಸ ಮಾಡಿದರು. ದುಡ್ಡು ಹಾಕುವ ಮೊದಲು ತಾಲೀಮು ಮಾಡಿ ನೋಡೋಣ ಅಂದರು. 2022ರ ಮಾರ್ಚ್‌ನಲ್ಲಿ ಹೊಲದ ಕಣದ ಮೇಲೆ ಸುಣ್ಣದ ಪುಡಿಯಿಂದ 28 ಅಡಿ ಉದ್ದ, 9 ಅಡಿ ಅಗಲದ ದೋಣಿ ಬರೆದರು. ಮುಂದೆ ಚೂಪು, ಹಿಂದೆ ಅಗಲ. ಅದರೊಳಗೆ ತಗಡಿನ ಶೆಡ್ಡು, ಒಂದು ಮಂಚ, ಸ್ಟವ್, 120 ಲೀಟರ್ ಟ್ಯಾಂಕು. ಗೆರೆ ದಾಟಿದರೆ ಸಮುದ್ರಕ್ಕೆ ಬಿದ್ದ ಲೆಕ್ಕ. ದಿನಕ್ಕೆ ಎರಡು ಸಲ ಮಾತ್ರ 'ದಡ'ಕ್ಕೆ ಹೋಗುವುದು. ಊರಿನ ಹುಡುಗರು ಬೈಕ್ ನಿಲ್ಲಿಸಿ ಕೇಳುತ್ತಿದ್ದರು, "ಸಾವಕಾರ್ರ, ಹಡಗ ಯಾವಾಗ ಬಿಡ್ತದ್ರೀ? ಎರಡು ಟಿಕೀಟ್ ಇಟ್ಟಿರ್ರಿ."

ಕರೆಂಟಿನ ಲೆಕ್ಕ ನನ್ನದು. 200 ವ್ಯಾಟ್ ಪ್ಯಾನೆಲ್, 12.8 ವೋಲ್ಟಿನ 100 ಆಂಪ್-ಅವರ್ ಲಿಥಿಯಂ ಬ್ಯಾಟರಿ, ಅಂದರೆ ಸುಮಾರು 1,280 ವ್ಯಾಟ್-ಅವರ್ (ಒಂದು ವ್ಯಾಟಿನ ಸಾಮಾನು ಒಂದು ತಾಸು ಓಡಲು ಬೇಕಾದ ಕರೆಂಟು ಒಂದು ವ್ಯಾಟ್-ಅವರ್). ಸಣ್ಣ ಫ್ರಿಜ್‌ಗೆ ದಿನಕ್ಕೆ 400, ರಾತ್ರಿ ಎಂಟು ತಾಸು ಒಂದು 25 ವ್ಯಾಟಿನ ಫ್ಯಾನಿಗೆ 200, ದೀಪ, ರೇಡಿಯೋ, ಮೊಬೈಲ್‌ಗೆ 100. ಒಟ್ಟು 700. ಪ್ಯಾನೆಲ್ ಬಿಸಿಯಾದಷ್ಟೂ ಕಡಿಮೆ ಕೊಡುತ್ತದೆ, 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಹೆಚ್ಚುಕಡಿಮೆ 0.4 ಶೇಕಡಾ ಹೋಗುತ್ತದೆ. ಅದನ್ನೂ ಕಳೆದು ದಿನಕ್ಕೆ 800ರ ಆಸುಪಾಸು ಸಿಗುತ್ತದೆ ಅಂತ ಬರೆದು ಕೊಟ್ಟೆ. ಸಿಕ್ಕಿತು ಕೂಡ. ನನಗೆ ನನ್ನ ಮೇಲೇ ಹೆಮ್ಮೆ.

ಎರಡೂವರೆ ತಿಂಗಳು ಹಾಗೇ ಇದ್ದರು. ಮೇ ತಿಂಗಳ 42, 43 ಡಿಗ್ರಿಯ ಧಗೆಯಲ್ಲಿ ತಗಡಿನ ಶೆಡ್ಡಿನಲ್ಲಿ. ಹಡಗಿನ ಅಭ್ಯಾಸ, ದಿನಾ ಲಾಗ್ ಪುಸ್ತಕ ಬರೆಯುತ್ತಿದ್ದರು: ಬ್ಯಾಟರಿ ವೋಲ್ಟೇಜು, ನೀರು, ಗಾಳಿ, ಬಿಸಿಲು. ನೀರು ಇಬ್ಬರಿಗೂ ಸೇರಿ ದಿನಕ್ಕೆ 9 ಲೀಟರಿಗೆ ಇಳಿಸಿದ್ದರು. ಕಟಕ್ ರೊಟ್ಟಿ ಮಾಡಿಸಿ ಡಬ್ಬಿ ತುಂಬಿಸಿದ್ದರು, ಶೇಂಗಾ ಹಿಂಡಿ ಇತ್ತು, ವಾರಕ್ಕೊಮ್ಮೆ ತರಕಾರಿ. ರಾಜಾ ಮಧ್ಯಾಹ್ನ ಬೇವಿನ ಗಿಡದ ಬುಡದಲ್ಲಿ ಕುಣಿ ತೋಡಿಕೊಂಡು ಮಲಗುತ್ತಿತ್ತು, ಸಂಜೆ ಎದ್ದು ಮೊಲದ ಹಿಂದೆ ಓಡುತ್ತಿತ್ತು.

ಆ ಬೇವಿನ ಗಿಡ ಸುಣ್ಣದ ಗೆರೆಯ ಹೊರಗಿತ್ತು. ಕಾಕಾ ಗೆರೆ ದಾಟುತ್ತಿರಲಿಲ್ಲ. ರಾಜಾ ದಿನಕ್ಕೆ ಐವತ್ತು ಸಲ ದಾಟುತ್ತಿತ್ತು, ಯಾರೂ ಲೆಕ್ಕ ಇಡಲಿಲ್ಲ. ಲಾಗ್ ಪುಸ್ತಕದಲ್ಲಿ ನಾಯಿಗೆ ಕಾಲಂ ಇರಲಿಲ್ಲ. ತಾಲೀಮು ಚೆನ್ನಾಗಿ ಆಯಿತು ಅಂತ ಎಲ್ಲರೂ ಹೇಳಿದೆವು. ನಿಜ ಹೇಳಬೇಕು ಅಂದರೆ ಅದು ಕಾಕಾನ ತಾಲೀಮು, ರಾಜಾನದಲ್ಲ. ಅದು ಅಷ್ಟು ಚೆನ್ನಾಗಿ ಆಗದೇ ಇದ್ದಿದ್ದರೆ ಮುಂದಿನ ಪೇಚಾಟ ಅರ್ಧ ತಪ್ಪುತ್ತಿತ್ತು ಅಂತ ನನಗೆ ಈಗ ಅನಿಸುತ್ತದೆ.

ಅಕ್ಟೋಬರ್: ಧಗೆ ಬೇರೆ, ಸೆಕೆ ಬೇರೆ

ಮಳೆಗಾಲ ಮುಗಿದ ಮೇಲೆ ದೋಣಿ ಸಿಕ್ಕಿತು. ಹಳೆಯದು, ಫೈಬರ್‌ನದು, ಕೆಳಗೆ ಇಬ್ಬರು ಮಲಗುವಷ್ಟು ಕ್ಯಾಬಿನ್. ಕಾಗದಪತ್ರ, ರಿಪೇರಿ ಕಥೆ ಬಿಡುತ್ತೇನೆ, ಅದು ಎಲ್ಲರದೂ ಒಂದೇ. ಅಕ್ಟೋಬರ್‌ನಲ್ಲಿ ಪ್ಯಾನೆಲ್ ಕೂರಿಸಲು ನಾನೇ ಹೋದೆ. ಕಲಬುರಗಿಯಿಂದ ವಿಜಯಪುರ, ಹುಬ್ಬಳ್ಳಿ ಹಾದು ಐನೂರು ಕಿಲೋಮೀಟರ್ ಆಸುಪಾಸು. ಜೊತೆಗೆ ಒಂದು 12 ವೋಲ್ಟಿನ ಸಣ್ಣ ಕೂಲರ್ ಒಯ್ದಿದ್ದೆ. ನಮ್ಮ ಕಡೆ ಕೂಲರ್ ಇಲ್ಲದ ಮನೆ ಇದೆಯಾ? ನಾಯಿಗೆ ಸುಮ್ನೆ ಒಂದು ಉಡುಗೊರೆ ಅಂದುಕೊಂಡೆ.

ಹಾಕಿದೆವು. ಒಂದು ತಾಸಿನಲ್ಲಿ ಕ್ಯಾಬಿನ್ ಬಚ್ಚಲಮನೆ ಆಯಿತು. ಹಾಸಿಗೆ ಒದ್ದೆ, ಗೋಡೆ ಒದ್ದೆ, ತಂಪು ಮಾತ್ರ ಇಲ್ಲ. ಥರ್ಮಾಮೀಟರ್ 33 ತೋರಿಸುತ್ತಿತ್ತು, ನಮ್ಮ ಲೆಕ್ಕದಲ್ಲಿ ಅದು ಬೇಸಿಗೆಯೇ ಅಲ್ಲ. ಆದರೆ ರಾಜಾ ಕ್ಯಾಬಿನ್ನಿನ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ, ನಾಲಿಗೆ ಇಷ್ಟುದ್ದ ಬಿಟ್ಟು, ಪಕ್ಕೆ ಕುಣಿಯುವಷ್ಟು ಏದುಸಿರು ಬಿಡುತ್ತಿತ್ತು. 43 ಡಿಗ್ರಿಯಲ್ಲಿ ಮೊಲ ಅಟ್ಟಿಸಿದ ನಾಯಿ ಇದು.

ನನಗೆ ಅರ್ಥ ಆಗಿದ್ದು ಆ ಕೂಲರ್ ನೋಡುತ್ತಾ ಕೂತಾಗ. ಕೂಲರ್ ಕೆಲಸ ಮಾಡುವುದು ನೀರು ಆರುವುದರಿಂದ. ನಮ್ಮ ಗಾಳಿ ಒಣ ಗಾಳಿ, ನೀರನ್ನು ಹೀರಿಕೊಳ್ಳುತ್ತದೆ, ಅದಕ್ಕೇ ತಂಪಾಗುತ್ತದೆ. ಕರಾವಳಿಯ ಗಾಳಿ ಮೊದಲೇ ನೀರು ಕುಡಿದು ಕೂತಿದೆ, ಇನ್ನೇನು ಹೀರೀತು? ನಾಯಿಯೂ ಒಂದು ಕೂಲರ್ ಅಷ್ಟೇ. ಅದಕ್ಕೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಬೆವರು ಬರುವುದು ಪಾದದಲ್ಲಿ ಸ್ವಲ್ಪ. ಮೈ ತಂಪು ಮಾಡಿಕೊಳ್ಳುವುದು ನಾಲಿಗೆ, ಬಾಯಿ, ಮೂಗಿನ ತೇವ ಆರಿಸಿ. ತೇವ ಆರದಿದ್ದರೆ ಎಷ್ಟು ಏದುಸಿರು ಬಿಟ್ಟರೂ ಅಷ್ಟೇ. ನಾಯಿಯ ಮೈ ಬಿಸಿ ಸಹಜವಾಗಿಯೇ 38ರಿಂದ 39 ಡಿಗ್ರಿ ಇರುತ್ತದೆ, 41 ದಾಟಿದರೆ ಜೀವಕ್ಕೇ ಅಪಾಯ. ನಡುವೆ ಜಾಗ ತುಂಬಾ ಕಡಿಮೆ. ಕಲಬುರಗಿ ನಾಯಿ, ಕರಾವಳಿಯ ಬಿಸಿಲು ಅದಕ್ಕೇನು ಲೆಕ್ಕ ಅಂತ ಊರಲ್ಲಿ ಎಲ್ಲರೂ ಅಂದಿದ್ದರು, ನಾನೂ ಅಂದಿದ್ದೆ. ಧಗೆ ಗೊತ್ತಿದ್ದ ನಾಯಿಗೆ ಸೆಕೆ ಗೊತ್ತಿರಲಿಲ್ಲ.

(ಕಟಕ್ ರೊಟ್ಟಿಯ ಕಥೆಯೂ ಇದೇ. ಊರಲ್ಲಿ ತಿಂಗಳುಗಟ್ಟಲೆ ಕಟಕ್ ಅನ್ನುವ ರೊಟ್ಟಿ, ಅಲ್ಲಿ ಡಬ್ಬಿ ತೆರೆದ ಮೂರನೇ ದಿನಕ್ಕೆ ಹಪ್ಪಳ ನೆನೆಸಿದ ಹಾಗೆ ಮೆತ್ತಗೆ. ವಾರಕ್ಕೆ ಬೂಸ್ಟು.)

ನನ್ನ ಲೆಕ್ಕದ ತಪ್ಪೂ ಅಲ್ಲೇ ಗೊತ್ತಾಯಿತು. ಫ್ಯಾನನ್ನು ನಾನು ಮನುಷ್ಯನಿಗೆ ಇಟ್ಟಿದ್ದೆ, ರಾತ್ರಿ ಎಂಟು ತಾಸು. ನಾಯಿಗೆ ಬೇಕಾದದ್ದು ಹಗಲು ಹತ್ತು ತಾಸು, ಅದೂ ನೆಲದ ಮಟ್ಟದಲ್ಲಿ. 250 ಜಾಸ್ತಿ ಆಯಿತು. 950 ಖರ್ಚು, 800 ಜಮಾ. ಬ್ಯಾಟರಿ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತಾ ಹೋಗಿ ಒಂದು ಬೆಳಗ್ಗೆ ಫ್ರಿಜ್ ನಿಂತಿತು. ಇನ್ನೊಂದು 100 ವ್ಯಾಟ್ ಪ್ಯಾನೆಲ್ ನನ್ನ ಖರ್ಚಿನಲ್ಲೇ ಹಾಕಿಕೊಟ್ಟೆ. ಆಡಿಕೊಳ್ಳುವವರು ಆಡಿಕೊಳ್ಳಲಿ, ಲೆಕ್ಕ ತಪ್ಪಿದ್ದು ನನ್ನದು ತಾನೇ?

ಪ್ಯಾನೆಲ್‌ಗಿಂತ ಜಾಸ್ತಿ ಕೆಲಸ ಮಾಡಿದ್ದು ಬಟ್ಟೆ. ಹಾಯಿಯ ಅಡ್ಡಮರದ ಮೇಲೆ ಬಿಳಿ ಕ್ಯಾನ್ವಾಸ್ ಚಪ್ಪರ, ಮುಂದಿನ ಕಿಂಡಿಯ ಮೇಲೆ ಗಾಳಿಯನ್ನು ಹಿಡಿದು ಒಳಗೆ ನೂಕುವ ಬಟ್ಟೆಯ ಚೀಲ. ನೀರಿನ ಸೆಳೆತ ಜೋರಿಲ್ಲದಾಗ ಲಂಗರು ಹಾಕಿದ ದೋಣಿ ತಾನೇ ಗಾಳಿಗೆ ಮುಖ ಮಾಡಿ ನಿಲ್ಲುತ್ತದೆ, ಆಗ ಆ ಚೀಲಕ್ಕೆ ಗಾಳಿ ಚೆನ್ನಾಗಿ ಸಿಗುತ್ತದೆ. ಇನ್ನೊಂದು ಉಪಾಯ, ಬೆಳಗ್ಗೆ ಮತ್ತು ಮೂರು ಗಂಟೆಗೆ ರಾಜಾನನ್ನು ನೀರಿಗಿಳಿಸುವುದು. ನೀರು 29 ಡಿಗ್ರಿ ಇದ್ದರೂ ನಾಯಿಯ ಮೈಗಿಂತ ತಂಪೇ, ಅದಕ್ಕೆ ಆರುವ ಹಂಗಿಲ್ಲ. ಆದರೆ ಉಪ್ಪು ತೊಳೆಯಲು ಪ್ರತಿ ಸಲ ಎರಡು ಲೀಟರ್ ಸಿಹಿನೀರು ಬೇಕು, ಇಲ್ಲದಿದ್ದರೆ ನೆಕ್ಕಿ ನೆಕ್ಕಿ ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಹೊಲದಲ್ಲಿ ಗೆದ್ದಿದ್ದ 9 ಲೀಟರ್ ಇಲ್ಲಿ 13ಕ್ಕೆ ಹೋಯಿತು.

ನವೆಂಬರ್: 31 ತಾಸು

ಈ ಪ್ರಕರಣದ ತಿರುಳು ಇಲ್ಲಿದೆ, ಮತ್ತೆ ಇದನ್ನು ಯಾರೂ ಮೊದಲೇ ಕೇಳುವುದಿಲ್ಲ. ನಾಯಿ ಹೊರಕಡೆಗೆ ಎಲ್ಲಿ ಹೋಗುತ್ತದೆ?

ರಾಜಾ ದೋಣಿಯ ಮೇಲೆ ಹೋಗುತ್ತಿರಲಿಲ್ಲ. ಒಂದು ಹನಿಯೂ ಇಲ್ಲ. ಮನೆಯೊಳಗೆ ಮಾಡಬಾರದು ಅಂತ ಮರಿಯಿದ್ದಾಗ ಕಲಿಸಿದ್ದರು, ಅದು ಕಲಿತಿತ್ತು, ದೋಣಿಯೂ ಅದಕ್ಕೆ ಮನೆಯೇ. ಒಳ್ಳೆಯ ನಾಯಿ ಆಗಿದ್ದೇ ತೊಂದರೆ. ಕಾಕಾ ದಿನಕ್ಕೆ ನಾಲ್ಕು ಸಲ ಸಣ್ಣ ರಬ್ಬರ್ ದೋಣಿಗೆ ಇಳಿಸಿ ದಡಕ್ಕೆ ಒಯ್ಯಬೇಕು. 21 ಕೆಜಿ ನಾಯಿಯನ್ನು ಅಲುಗಾಡುವ ದೋಣಿಯಿಂದ ಮೇಲಿನ ಡೆಕ್‌ಗೆ ಎತ್ತಿ ನೋಡಿ, ಸೊಂಟ ಹೇಳುತ್ತದೆ.

ದಡಕ್ಕೆ ಹೋಗುವುದೂ ನಮ್ಮ ಟೈಮಿಗೆ ಅಲ್ಲ. ಅಳಿವೆಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರದ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನೀರು ಪೂರ್ತಿ ಇಳಿದಾಗ ದೋಣಿಗೂ ದಡಕ್ಕೂ ನಡುವೆ ಮೊಣಕಾಲುದ್ದ ಕೆಸರು. ಹಾಗಾಗಿ ಇವತ್ತು ಆರಕ್ಕೆ ಹೋದರೆ ನಾಳೆ ಏಳರ ಹತ್ತಿರ, ವಾರದಲ್ಲಿ ಮಧ್ಯಾಹ್ನದ ಬಿಸಿಲಿಗೆ. ಮನುಷ್ಯನಿಗೆ ಹೇಳಬಹುದು, ನಾಯಿಯ ಹೊಟ್ಟೆಗೆ ಪಂಚಾಂಗ ಹೇಳುವುದು ಹೇಗೆ? ದಡದಲ್ಲಿ ಬೇರೆ ಆರು ಬೀದಿ ನಾಯಿಗಳು. ಅವುಗಳ ಏರಿಯಾ ಅದು. ಕೋಲು ಹಿಡಿದೇ ಇಳಿಯಬೇಕು.

ನವೆಂಬರ್‌ನಲ್ಲಿ ಒಂದು ಸಂಜೆ ಕಡಲ ಗಾಳಿ ಜೋರಾಗಿತ್ತು. ರಬ್ಬರ್ ದೋಣಿಯ ಮೋಟರ್ ಸ್ಟಾರ್ಟ್ ಆಗಲಿಲ್ಲ, ಹುಟ್ಟು ಹಾಕಿದರೆ ಗಾಳಿ ಹಿಂದಕ್ಕೆ ತಳ್ಳುತ್ತಿತ್ತು. ರಾತ್ರಿ ಹೋಯಿತು. ಬೆಳಗ್ಗೆ ಇಳಿತ, ಕೆಸರು. ಮತ್ತೆ ಗಾಳಿ. ಕಾಕಾ ನನಗೆ ಫೋನ್ ಮಾಡಿದಾಗ 26 ತಾಸು ಆಗಿತ್ತು. "ತಮ್ಮಾ, ಇದು ನೀರ ಕುಡಿಯೋದ ಬಿಟ್ಟದ" ಅಂದರು. ಅದು ನನಗೆ ಇನ್ನೂ ಕಿವಿಯಲ್ಲಿದೆ. ಹೊರಗೆ ಹೋಗಲು ಆಗುವುದಿಲ್ಲ ಅಂತ ತಿಳಿದು ನಾಯಿ ನೀರನ್ನೇ ಬಿಟ್ಟಿತ್ತು. ಫೋನಿನಲ್ಲಿ ಕೇಳಿದ ಪಶುವೈದ್ಯರು ಹೀಗೆ ತಡೆದುಕೊಂಡರೆ ಮೂತ್ರಕ್ಕೆ ಸೋಂಕು ಆಗುತ್ತದೆ, ಕಾಯಬೇಡಿ ಅಂದರು. ಕೊನೆಗೆ ಪಕ್ಕದ ಮೀನುಗಾರರ ದೋಣಿಯವರು ಬಂದು ದಡ ಮುಟ್ಟಿಸಿದರು. 31 ತಾಸು. ರಾಜಾ ಮರಳ ಮೇಲೆ ನಿಂತು ಎರಡು ನಿಮಿಷ ಕಾಲು ಇಳಿಸಲಿಲ್ಲವಂತೆ.

ಅಷ್ಟರಲ್ಲಿ ಮಾಡಿ ನೋಡಿದ್ದು ಕಡಿಮೆ ಏನಲ್ಲ. ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಹುಲ್ಲಿನ ಚಾಪೆ: ರಾಜಾಗೆ ಬಹಳ ಹಿಡಿಸಿತು, ಅದರ ಮೇಲೆ ಮಲಗಿಕೊಂಡಿತು. ಪೇಪರ್ ಹಾಸಿದರು, ಹಾರಿ ಹೋಯಿತು. ದಡದಲ್ಲಿ ಅದರದೇ ಮೂತ್ರವನ್ನು ಸ್ಪಂಜಿನಲ್ಲಿ ಹಿಡಿದು ತಂದು ಚಾಪೆಗೆ ಹಚ್ಚಿದರು. ರಾಜಾ ಮೂಸಿ, ಕಾಕಾನ ಮುಖ ನೋಡಿ, ಬಾಲ ಒಳಗೆ ಹಾಕಿಕೊಂಡು ಹೋಗಿ ಮೂಲೆಯಲ್ಲಿ ಕೂತಿತು. ತಪ್ಪು ಮಾಡಿದ್ದು ತಾನೇ ಅಂದುಕೊಂಡಿತ್ತೋ ಏನೋ.

ಆ ವಾರ ಕಾಕಾ ದೋಣಿ ಮಾರುವುದು ಅಂತ ತೀರ್ಮಾನಿಸಿದ್ದರು. ನಾನು ಹೊಲಕ್ಕೆ ಹೋಗಿ ಅಲ್ಲಿ ಕಾವಲಿಗಿರುವ ಆಯಿಗೆ ವಿಷಯ ಹೇಳಿದೆ. ರಾಜಾಗೆ ದಿನಾ ಮಜ್ಜಿಗೆಯಲ್ಲಿ ರೊಟ್ಟಿ ಕಲಸಿ ಹಾಕಿ ಬೆಳೆಸಿದವಳು ಅವಳೇ. ಆಯಿ ತೊಗರಿ ಗಿಡದಿಂದ ಹುಳ ಉದುರಿಸುತ್ತಾ, ನನ್ನ ಕಡೆ ನೋಡದೆಯೇ ಅಂದಳು: "ಹುಟ್ಟಿದಾಗಿಂದ ಎರಿ ಮಣ್ಣಾಗ ಕಾಲೆತ್ಯದ ಅದು. ಪ್ಲಾಸ್ಟಿಕ್ಕಿನ ಮ್ಯಾಲ ಹ್ಯಾಂಗ ಎತ್ತತದೋ ತಮ್ಮಾ? ಮಣ್ಣ ಒಯ್ಯಿ." ನಾನು ಸರಿ, ಅಲ್ಲೇ ದಡದ ಮಣ್ಣು ಹಾಕಿದರೆ ಆಯಿತಲ್ಲ ಅಂದೆ. "ಅದು ಯಾರ ಮಣ್ಣೋ! ಬೇವಿನ ಗಿಡದ ಬುಡದ್ದ ಒಯ್ಯಿ. ಅಲ್ಲೇ ಹೋಗ್ತಿತ್ತಲ್ಲ ದಿನಾ. ವಾಸನಿ ಇರ್ತದ." ಮತ್ತೆ ಎದ್ದು ಹೋಗಿ ಒಂದು ಮೊಳ ಉದ್ದದ ಬೇವಿನ ತುಂಡನ್ನೂ ತಂದು ಕೊಟ್ಟಳು. ಗಂಡು ನಾಯಿ, ಕಾಲೆತ್ತಲು ಏನಾದರೂ ನಿಂತಿರಬೇಕಲ್ವಾ.

ಅರ್ಧ ಚೀಲ ಮಣ್ಣು, ಒಂದು ಕಟ್ಟಿಗೆ ತುಂಡು ಹಿಡಿದು ರಾತ್ರಿ ಬಸ್ ಹತ್ತಿದೆ. ಕಂಡಕ್ಟರ್ ಚೀಲ ಒದ್ದು, "ಏನದ ಇದರಾಗ?" ಅಂದ. ಮಣ್ಣು ಅಂದೆ. "ಯಾತಕ್ಕ?" ನಾಯಿಗೆ ಅಂದೆ. ಒಂದು ಕ್ಷಣ ನೋಡಿ, ಲಗೇಜ್ ಟಿಕೆಟ್ ಹರಿಯದೆ ಮುಂದಕ್ಕೆ ಹೋದ.

ಮರುದಿನ ಬೆಳಗ್ಗೆ ಡೆಕ್‌ನ ಮುಂದಿನ ಭಾಗದಲ್ಲಿ ಮೀನಿನವರ ಪ್ಲಾಸ್ಟಿಕ್ ಟ್ರೇ ಇಟ್ಟು ಮಣ್ಣು ಸುರಿದು, ನಡುವೆ ಬೇವಿನ ತುಂಡು ನಿಲ್ಲಿಸಿ ಹಗ್ಗದಿಂದ ಬಿಗಿದೆವು. ಇಬ್ಬರೂ ಹಿಂದೆ ಬಂದು ಕೂತೆವು. ನೋಡಬೇಡ, ಆ ಕಡೆ ನೋಡು ಅಂದರು ಕಾಕಾ. ರಾಜಾ ಬಂದಿತು. ಮೂಗು ಮಣ್ಣಿನಲ್ಲಿ ಹುಗಿಯಿತು. ಹಾಗೇ ನಿಂತಿತು, ಎಷ್ಟು ಹೊತ್ತು ಅಂದರೆ ಉಸಿರಾಡುತ್ತಿದೆಯಾ ಅಂತ ನನಗೆ ಅನುಮಾನ ಬಂತು. ಆಮೇಲೆ ಮುಂಗಾಲಿನಿಂದ ಎರಡು ಸಲ ಕೆರೆಯಿತು, ಟ್ರೇ ಹತ್ತಿತು, ಇಳಿಯಿತು, ಮತ್ತೆ ಹತ್ತಿತು. ಮೂರು ಸುತ್ತು ಸುತ್ತಿ ಕಾಲೆತ್ತಿತು.

ಕಾಕಾ ಏನೂ ಮಾತಾಡಲಿಲ್ಲ. ಕೆಳಗೆ ಹೋಗಿ ಚಹಾಕ್ಕೆ ಇಟ್ಟರು. ಲಾಗ್ ಪುಸ್ತಕದಲ್ಲಿ ಬರೆದಿದ್ದು ನಾನು ಆಮೇಲೆ ನೋಡಿದೆ: "6:40. ರಾಜಾ. ಡೆಕ್ ಮೇಲೆ. ಮೊದಲ ಸಲ." ಅವತ್ತಿನಿಂದ ಆ ಪುಸ್ತಕದಲ್ಲಿ ರಾಜಾಗೆ ಒಂದು ಕಾಲಂ ಇದೆ. ಎಷ್ಟು ನೀರು ಕುಡಿಯಿತು, ಎಷ್ಟು ಸಲ ಹೊರಕಡೆ ಹೋಯಿತು, ಮಲಗಿದಾಗ ನಿಮಿಷಕ್ಕೆ ಎಷ್ಟು ಉಸಿರು.

ಮಣ್ಣು ಎಂಟು ದಿನ ಇತ್ತು ಅಷ್ಟೇ. ಎರಿ ಮಣ್ಣಿನ ಗುಣ ನಮಗೆ ಗೊತ್ತೇ ಇದೆ, ಮಳೆಯಾದ ಮೇಲೆ ಹೊಲದಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿ ಎರಡು ಕೆಜಿ ಆಗುತ್ತದೆ. ಒಂದು ದಿನ ಅಲೆಯ ನೀರು ಹಾರಿ ಟ್ರೇಗೆ ಬಿತ್ತು. ಕೆಸರು ರಾಜಾನ ಕಾಲಿಗೆ, ಅಲ್ಲಿಂದ ಕ್ಯಾಬಿನ್‌ಗೆ, ಕಾಕಾನ ಹಾಸಿಗೆಗೆ. ಡೆಕ್‌ನ ನೀರು ಹೋಗುವ ತೂತು ಕಟ್ಟಿಕೊಂಡಿತು. ಆಮೇಲೆ ತೆಂಗಿನ ನಾರಿನ ಚಾಪೆಗೆ ಅದೇ ಮಣ್ಣನ್ನು ಉಜ್ಜಿ ಹಾಸಿದರು. ಕೆಲಸ ನಡೆಯಿತು. ಚಾಪೆಯ ಮೂಲೆಗೆ ಹಗ್ಗ ಕಟ್ಟಿ ಸಮುದ್ರಕ್ಕೆ ಬಿಟ್ಟು ಜಾಲಾಡಿಸಿ ಎಳೆದುಕೊಂಡರೆ ಸ್ವಚ್ಛ. ಹಗ್ಗ ಕಟ್ಟುವುದನ್ನು ಮರೆತು ಮೊದಲ ಚಾಪೆ ಹೋಯಿತು. ಬೇವಿನ ತುಂಡು ಜನವರಿಯಲ್ಲಿ ಬೇಡವಾಯಿತು, ರಾಜಾ ಹಾಯಿಯ ಕಂಬವನ್ನೇ ಆರಿಸಿಕೊಂಡಿತ್ತು. ಅದಕ್ಕೆ ಕಾಕಾ ಬೈಯ್ಯಲಿಲ್ಲ. ನಾನಾಗಿದ್ದರೂ ಬೈಯ್ಯುತ್ತಿರಲಿಲ್ಲ.

ಫೆಬ್ರವರಿ: ಒಂದು ಬಕಪಕ್ಷಿ

ಹೊರಕಡೆ ಸಮಸ್ಯೆ ಬಗೆಹರಿದ ಮೇಲೆ ಕಾಕಾ ಸ್ವಲ್ಪ ಸಡಿಲ ಬಿಟ್ಟರು. ನಾಯಿಗೆ ಲೈಫ್ ಜಾಕೆಟ್ ಇತ್ತು, ಬೆನ್ನ ಮೇಲೆ ಹಿಡಿಕೆ ಇರುವಂಥದ್ದು. ಸೆಕೆ ಅಂತ ಬಿಚ್ಚಿ ಇಟ್ಟಿದ್ದರು. ಒಂದು ಸಂಜೆ ಹಿಂದಿನ ಕಟಾಂಜನದ ಮೇಲೆ ಬಕವೊಂದು ಬಂದು ಕೂತಿತು. ಓಡಿ ಹಿಡಿಯುವುದು ಮುಧೋಳದ ರಕ್ತದಲ್ಲೇ ಇದೆ. ಯೋಚನೆ ಮಾಡುವುದು ಆಮೇಲೆ. ಬಕ ಹಾರಿತು, ರಾಜಾನೂ ಹಾರಿತು.

ಇಳಿತದ ಸೆಳೆತ ಅಳಿವೆಯಿಂದ ಹೊರಕ್ಕೆ ಎಳೆಯುತ್ತಿತ್ತು. ನಾಯಿಗೆ ಈಜು ಬರುತ್ತದೆ ಅಂತ ನಾವು ಸುಮ್ನೆ ಧೈರ್ಯ ಹೇಳಿಕೊಳ್ಳುತ್ತೇವೆ, ಆದರೆ ತೆಳ್ಳಗಿನ, ಕೊಬ್ಬಿಲ್ಲದ ನಾಯಿ ನೀರಲ್ಲಿ ಬೇಗ ಮುಳುಗುತ್ತದೆ, ಬೇಗ ದಣಿಯುತ್ತದೆ. ಕಾಕಾ ರಬ್ಬರ್ ದೋಣಿ ಬಿಚ್ಚಿ ಹಿಂದೆ ಹೋಗಿ ಹಿಡಿದಾಗ ಮುನ್ನೂರು ಮೀಟರ್ ದೂರ ಹೋಗಿತ್ತು. ಹಿಡಿಯಲು ಹಿಡಿಕೆ ಇಲ್ಲ. ಕುತ್ತಿಗೆಯ ಪಟ್ಟಿ ಹಿಡಿದು ಎಳೆದರೆ ತಲೆಯಿಂದ ಕಳಚಿಕೊಂಡಿತು. ಕಿವಿ ಮತ್ತು ಬೆನ್ನ ಚರ್ಮ ಹಿಡಿದು ಎತ್ತಿ ಹಾಕಿದರಂತೆ, ಇಬ್ಬರೂ ದೋಣಿಯ ತಳದಲ್ಲಿ ಬಹಳ ಹೊತ್ತು ಹಾಗೇ ಬಿದ್ದಿದ್ದರಂತೆ.

ಮರುದಿನ ಮೀನುಗಾರರಿಂದ ಹಳೆಯ ಬಲೆ ಕೊಂಡು ಕಟಾಂಜನದ ಸುತ್ತ ಹೆಣೆದರು. ಡೆಕ್ ಮೇಲೆ ಇದ್ದರೆ ಜಾಕೆಟ್, ಸೆಕೆ ಆದರೆ ಕೆಳಗೆ ಫ್ಯಾನಿನ ಮುಂದೆ, ನಡುವಿನದು ಇಲ್ಲ. ಆ 250 ವ್ಯಾಟ್-ಅವರ್ ಬರೀ ಆರಾಮಕ್ಕಲ್ಲ ಅಂತ ನನಗೆ ಹೊಳೆದಿದ್ದು ಆವಾಗಲೇ. ಕೆಳಗೆ ತಂಪಿಲ್ಲದಿದ್ದರೆ ಜಾಕೆಟ್ಟಿನ ನಿಯಮ ಒಂದು ವಾರವೂ ನಿಲ್ಲುತ್ತಿರಲಿಲ್ಲ.

ಮೇ: ಮುಂದೇನು

ಮೇ ಮಧ್ಯಕ್ಕೆ ತೀರ್ಮಾನ ಮಾಡಲೇಬೇಕಿತ್ತು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಯೇ ಬಂದ್, ಆ ಕಡಲು ಹಾಗಿರುತ್ತದೆ. ದಾರಿ ಮೂರಿತ್ತು. ನದಿಯಲ್ಲಿ ಇನ್ನೂ ಒಳಗೆ ಹೋಗಿ ಲಂಗರು ಹಾಕಿ ಮಳೆಗಾಲ ಅಲ್ಲೇ ಕಳೆಯುವುದು, ದೋಣಿಯನ್ನು ಕ್ರೇನಿನಿಂದ ದಡಕ್ಕೆ ಎತ್ತಿಸಿ ಊರಿಗೆ ಬರುವುದು, ಇಲ್ಲವೇ ಮಾರುವುದು.

ಕಾಕಾಗೆ ಮೊದಲನೆಯದರ ಮೇಲೆ ಮನಸ್ಸು. ಮಳೆಗಾಲ ಕಳೆದರೇನೇ ನಿಜವಾದ ದೋಣಿವಾಸಿ ಅನ್ನುವ ಹಠ. ನಾನು ಲಾಗ್ ಪುಸ್ತಕ ತೆಗೆದು ಇಬ್ಬರ ನಡುವೆ ಇಟ್ಟೆ. ಈಗ ದಿನದ ಖರ್ಚು 950. ಫೆಬ್ರವರಿಯಲ್ಲಿ 300 ವ್ಯಾಟ್ ಪ್ಯಾನೆಲ್ 1,200ರವರೆಗೆ ಕೊಟ್ಟಿದೆ, ಮೇ ತಿಂಗಳಲ್ಲಿ ಮಳೆ ಹಿಡಿದ ಒಂದು ದಿನ 260 ಕೊಟ್ಟಿದೆ. ಅಂಥ ದಿನ ನಾಲ್ಕು ಸಾಲಾಗಿ ಬಂದರೆ ಬ್ಯಾಟರಿ ಎರಡನೇ ದಿನಕ್ಕೇ ಖಾಲಿ. ಮಳೆಯಲ್ಲಿ ಚಪ್ಪರ ನಿಲ್ಲುವುದಿಲ್ಲ, ಕಿಂಡಿ ತೆರೆಯುವಂತಿಲ್ಲ, ಗಾಳಿ ಚೀಲ ಇಲ್ಲ. ಮುಚ್ಚಿದ ಕ್ಯಾಬಿನ್ನು, ಒದ್ದೆ ಗಾಳಿ, ಫ್ಯಾನ್ ಇಲ್ಲ. ಜೊತೆಗೆ ಮಳೆಗಾಲದ ನಿಂತ ನೀರಿನಲ್ಲಿ ಇಲಿ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್, ನಾಯಿಗೂ ಬರುತ್ತದೆ, ಮನುಷ್ಯನಿಗೂ ಬರುತ್ತದೆ. ಲಸಿಕೆ ಹಾಕಿಸಿದ್ದರು, ಆದರೂ.

ಕಾಕಾ ರಾಜಾನ ಕಾಲಂ ಮೇಲೆ ಬೆರಳಿಟ್ಟು ಬಹಳ ಹೊತ್ತು ಓದಿದರು. ಆ ಮಳೆಯ ದಿನ ಕಿಂಡಿ ಮುಚ್ಚಿದ್ದಾಗ ಮಲಗಿದ ನಾಯಿಯ ಉಸಿರು ನಿಮಿಷಕ್ಕೆ 58 ಅಂತ ಅವರದೇ ಕೈಬರಹದಲ್ಲಿತ್ತು. ಚಳಿಗಾಲದಲ್ಲಿ 18, 20 ಇರುತ್ತಿತ್ತು. "ನಂದ ಏನರ ಆಗ್ತದ. ಇದಕ್ಕ ಕೇಳದೇ ಕರ್ಕೊಂಡ ಬಂದೀನಿ" ಅಂದರು. ಕ್ರೇನಿನವರಿಗೆ ಫೋನ್ ಮಾಡಿದ್ದು ಅವತ್ತೇ ಸಂಜೆ.

ಈಗ ವರ್ಷಕ್ಕೆ ಎಂಟು ತಿಂಗಳು ದೋಣಿ, ನಾಲ್ಕು ತಿಂಗಳು ಹೊಲ. ದೋಣಿಯನ್ನು ದಡದಲ್ಲಿ ತಾಡಪತ್ರಿ ಹೊದಿಸಿ ಇಡುತ್ತಾರೆ, ಬ್ಯಾಟರಿಯನ್ನು ಅರ್ಧ ಚಾರ್ಜ್ ಮಾಡಿ ಬಿಚ್ಚಿ ತಂದು ನನ್ನ ಅಂಗಡಿಯಲ್ಲಿ ಬಿಡುತ್ತಾರೆ. ಟೆಂಪೋ, ಶೆಡ್ಡು ಅಂತ ಯಾರಾದರೂ ಬಂದರೆ ನಾನು ಮೊದಲು ವ್ಯಾಟ್ ಕೇಳುವುದಿಲ್ಲ. ನಾಯಿ ಹಗಲು ಎಲ್ಲಿ ಮಲಗುತ್ತದೆ, ಎಷ್ಟು ಹೊತ್ತಿಗೆ ಎಲ್ಲಿ ಹೊರಕಡೆ ಹೋಗುತ್ತದೆ, ಒಂದು ವಾರ ಬರೆದುಕೊಂಡು ಬನ್ನಿ ಅನ್ನುತ್ತೇನೆ. ಸುಮಾರು ಜನ ವಾಪಸ್ ಬರುವುದಿಲ್ಲ. ಬಂದವರ ಲೆಕ್ಕ ತಪ್ಪಿಲ್ಲ.

ಮೊದಲ ವರ್ಷ ಜೂನ್‌ನಲ್ಲಿ ರಾಜಾ ಹೊಲಕ್ಕೆ ವಾಪಸ್ ಬಂದಾಗ ಒಂದು ತಮಾಷೆ ಆಯಿತು. ಇಳಿಸಿದ ಕೂಡಲೇ ಬೇವಿನ ಬುಡಕ್ಕೆ ಓಡುತ್ತದೆ ಅಂದುಕೊಂಡಿದ್ದೆವು. ಹನ್ನೆರಡು ಎಕರೆ ಎರಿ ಮಣ್ಣಿನ ನಡುವೆ ನಿಂತು ಅದು ಅರ್ಧ ತಾಸು ಏನೋ ಹುಡುಕಿತು. ಕೊನೆಗೆ ಕಾಕಾ ಗಾಡಿಯಿಂದ ನಾರಿನ ಚಾಪೆ ತಂದು ಹಾಸಬೇಕಾಯಿತು. ಆಯಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡುತ್ತಾ, "ಪ್ಯಾಟಿ ನಾಯಿ ಆಗ್ಯದ ಬಿಡ್ರಿ" ಅಂದಳು. ಎರಡು ದಿನಕ್ಕೆ ಸರಿಹೋಯಿತು.

ಈ ಸೆಪ್ಟೆಂಬರ್ ಕೊನೆಗೆ ಕಾಕಾ ಬ್ಯಾಟರಿ ಒಯ್ಯಲು ಬರುತ್ತಾರೆ. ಹೊಸ ಚಾಪೆಗೆ ಉಜ್ಜಲು ಆಯಿ ಒಂದು ಡಾಲ್ಡಾ ಡಬ್ಬಿ ತುಂಬ ಮಣ್ಣು ಆಗಲೇ ಕಳಿಸಿದ್ದಾಳೆ, ನನ್ನ ಕೌಂಟರ್ ಕೆಳಗೆ ಬ್ಯಾಟರಿ ಪಕ್ಕದಲ್ಲಿದೆ. ಅಂಗಡಿಯ ಹುಡುಗ ಎರಡು ಸಲ ಕಸ ಅಂತ ಎಸೆಯಲು ಹೋಗಿದ್ದ, ಈಗ ಮೇಲೆ ಹೆಸರು ಬರೆದಿಟ್ಟಿದ್ದೇನೆ.